ಕರ್ಸಿವ್ ಬೇಕಾ, ಕೈಬರಹ ಬೇಕಾ? ಎರಡೂ ಒಂದೇ ಅಲ್ಲ

ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಳೆ. ಹೋದ ತಿಂಗಳು ಅವಳ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿದರೆ ಒಂದು ಪುಟದ ತುಂಬಾ ಕೆಂಪು ಗೆರೆ. ಉತ್ತರಗಳೆಲ್ಲ ಸರಿ ಇದ್ದವು. ಸ್ಪೆಲಿಂಗೂ ಸರಿ. ತಪ್ಪೇನು ಅಂದರೆ, ಅವಳು ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಬರೆದಿರಲಿಲ್ಲ. ಕೆಳಗೆ ‘ಕರ್ಸಿವ್‌ನಲ್ಲಿ ಮತ್ತೆ ಬರೆ’ ಅಂತ ಇತ್ತು. ಅವತ್ತು ರಾತ್ರಿ ಊಟ ಆದಮೇಲೆ ಕೂತು, ತೂಕಡಿಸುತ್ತಲೇ, ಅಷ್ಟನ್ನೂ ಮತ್ತೆ ಬರೆದಳು.

ಟೀಚರ್ ಮೇಲೆ ನನಗೆ ಕೋಪ ಇಲ್ಲ. ಅವರಿಗೂ ಹಾಗೇ ಕಲಿಸಿದ್ದಾರೆ, ನಮಗೂ ಹಾಗೇ ಕಲಿಸಿದ್ದರು. ಆದರೆ ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಕರ್ಸಿವ್ ಯಾಕೆ ಬೇಕು ಅಂತ ಕೇಳಿದರೆ ಎಲ್ಲರೂ ಮೂರು ಮಾತು ಹೇಳುತ್ತಾರೆ. ಅಕ್ಷರ ದುಂಡಗಾಗುತ್ತೆ, ಬೇಗ ಬರೆಯೋಕೆ ಬರುತ್ತೆ, ಮೆದುಳು ಚುರುಕಾಗುತ್ತೆ. ಈ ಮೂರನ್ನೂ ಬಿಡಿಸಿ ನೋಡಬೇಕು ಅನ್ನಿಸಿತು. ನೋಡುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು: ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ. ಮಕ್ಕಳು ಕೈಯಲ್ಲಿ ಬರೆಯಬೇಕಾ ಅನ್ನೋದು ಒಂದು. ಕೈಯಲ್ಲಿ ಬರೆಯುವಾಗ ಅಕ್ಷರ ಕೂಡಿಸಬೇಕಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕ ಒಳ್ಳೆಯ ಉತ್ತರವನ್ನು ತಂದು ಎರಡನೆಯದಕ್ಕೆ ಅಂಟಿಸುತ್ತಿದ್ದೇವೆ.

ಮೊದಲು, ಕೂಡಿಸಿ ಬರೆಯೋದು ಯಾಕೆ ಶುರುವಾಯಿತು ಅಂತ ನೋಡೋಣ. ಯುರೋಪಿನಲ್ಲಿ ನೂರಾರು ವರ್ಷ ಜನ ಹಕ್ಕಿಯ ಗರಿಯನ್ನು ಚೂಪು ಮಾಡಿ, ತುದಿಯನ್ನು ಸೀಳಿ, ಇಂಕಿನಲ್ಲಿ ಅದ್ದಿ ಬರೆಯುತ್ತಿದ್ದರು. ಆ ಲೇಖನಿಗೆ ಅದರದೇ ಸ್ವಭಾವ ಇತ್ತು. ಕೆಳಗೆ ಎಳೆದರೆ ಸೀಳು ತೆರೆದುಕೊಂಡು ಗೆರೆ ದಪ್ಪ ಬರುತ್ತಿತ್ತು. ಒತ್ತಿ ಮೇಲಕ್ಕೆ ತಳ್ಳಿದರೆ ಕಾಗದಕ್ಕೆ ಸಿಕ್ಕಿಕೊಂಡು ಇಂಕು ಚಿಮ್ಮುತ್ತಿತ್ತು, ಹಾಗಾಗಿ ಮೇಲೆ ಹೋಗುವ ಗೆರೆಯನ್ನು ಹಗುರವಾಗಿ, ಓರೆಯಾಗಿ ಎಳೆಯಬೇಕಿತ್ತು. ಪ್ರತಿ ಸಲ ಎತ್ತಿ ಇಟ್ಟಲ್ಲಿ ಇಂಕಿನ ಚುಕ್ಕೆ ಬೀಳುವ ಭಯ ಬೇರೆ. ಎತ್ತದೆ ಹರಿಸಿಕೊಂಡು ಹೋಗೋದೇ ಸುಲಭ ಆಗಿತ್ತು. 15ನೇ ಶತಮಾನದ ಫ್ಲಾರೆನ್ಸ್‌ನಲ್ಲಿ ನಿಕೊಲೊ ನಿಕೊಲಿ ಎಂಬ ವಿದ್ವಾಂಸರು ಹಳೆಯ ಪುಸ್ತಕಗಳನ್ನು ಬೇಗ ಬೇಗ ನಕಲು ಮಾಡಲು ಓರೆಯಾದ, ಹರಿಯುವ ಬರವಣಿಗೆ ಬಳಸಿದರು. ಇವತ್ತು ಕಂಪ್ಯೂಟರ್‌ನಲ್ಲಿ ನಾವು ಇಟಾಲಿಕ್ ಅನ್ನೋ ಅಕ್ಷರದ ಮೂಲ ಅಲ್ಲಿದೆ. ಆಮೇಲೆ ಇಂಗ್ಲೆಂಡಿನ ವ್ಯಾಪಾರಿಗಳ, ಗುಮಾಸ್ತರ ಕೈಯಲ್ಲಿ ಅದು ಇನ್ನಷ್ಟು ದುಂಡಗಾಗಿ, ಸುರುಳಿ ಸುರುಳಿಯಾಗಿ ಬೆಳೆಯಿತು. ಅಮೆರಿಕದಲ್ಲಿ 1800ರ ದಶಕಗಳಲ್ಲಿ ಸ್ಪೆನ್ಸರ್ ಎಂಬವರ ಶೈಲಿ, ಅದರ ನಂತರ 1890ರ ದಶಕದಲ್ಲಿ ಪಾಮರ್ ಎಂಬವರ ಪದ್ಧತಿ ಬಂತು. ಪಾಮರ್ ಅವರ ಗುರಿ ಚೆಂದ ಆಗಿರಲಿಲ್ಲ, ವೇಗ. ಆಫೀಸಿನಲ್ಲಿ ದಿನವಿಡೀ ಪತ್ರ ಬರೆಯುವವನ ಕೈ ನೋಯಬಾರದು, ಪತ್ರ ಬೇಗ ಮುಗಿಯಬೇಕು.

ಅಂದರೆ ಕರ್ಸಿವ್ ಒಂದು ಕಾಲದ ಲೇಖನಿಗೂ ಒಂದು ಕಾಲದ ಆಫೀಸಿಗೂ ಸಿಕ್ಕ ಬಹಳ ಒಳ್ಳೆಯ ಪರಿಹಾರ. ಅದನ್ನು ನಾನು ಸಣ್ಣದು ಮಾಡಿ ಹೇಳುತ್ತಿಲ್ಲ. ಆದರೆ ಆ ಆಫೀಸಿಗೆ ಟೈಪ್‌ರೈಟರ್ ಬಂತು. ಆ ಲೇಖನಿಯ ಜಾಗಕ್ಕೆ ಬಾಲ್ ಪೆನ್ ಬಂತು. ಹಂಗೇರಿಯ ಲಾಸ್ಲೋ ಬೀರೊ ಅದಕ್ಕೆ ಪೇಟೆಂಟ್ ಪಡೆದದ್ದು 1938ರಲ್ಲಿ. ಬಾಲ್ ಪೆನ್ನಿನ ಇಂಕು ಜಿಡ್ಡು ಜಿಡ್ಡಾಗಿರುತ್ತದೆ, ಗರಿಯಿಂದ ಹರಿದಂತೆ ಹರಿಯುವುದಿಲ್ಲ, ಒತ್ತಿಯೇ ಬರೆಯಬೇಕು. ಎತ್ತಿ ಇಟ್ಟರೆ ಚುಕ್ಕೆಯ ಭಯ ಇಲ್ಲ. ಮೇಲೆ, ಕೆಳಗೆ, ಪಕ್ಕಕ್ಕೆ, ಯಾವ ಕಡೆ ಎಳೆದರೂ ಗೆರೆ ಒಂದೇ ಥರ. ನಾವು ಚಿಕ್ಕವರಿದ್ದಾಗ ‘ಬಾಲ್ ಪೆನ್ನಲ್ಲಿ ಬರೆದರೆ ಅಕ್ಷರ ಕೆಡುತ್ತೆ’ ಅಂತ ಮೇಷ್ಟ್ರು ಬೈಯುತ್ತಿದ್ದರು, ನೆನಪಿದೆಯಾ? ಅವರು ಹೇಳಿದ್ದರಲ್ಲಿ ಸತ್ಯ ಇತ್ತು. ಅವರು ಕಲಿಸುತ್ತಿದ್ದ ಬರವಣಿಗೆ ನಿಬ್ಬಿಗಾಗಿ ಹುಟ್ಟಿದ್ದು, ನಮ್ಮ ಕೈಯಲ್ಲಿದ್ದ ಪೆನ್ನು ಬೇರೆ.

ಮಕ್ಕಳಿಗೆ ಬಿಡಿ ಅಕ್ಷರ ಕಲಿಸುವ ಪದ್ಧತಿಗೂ ಹೆಚ್ಚು ಕಡಿಮೆ ನೂರು ವರ್ಷ ಆಗಿದೆ. ಲಂಡನ್ ಅಂಡರ್‌ಗ್ರೌಂಡ್ ರೈಲಿನ ಅಕ್ಷರ ವಿನ್ಯಾಸ ಮಾಡಿದ ಎಡ್ವರ್ಡ್ ಜಾನ್‌ಸ್ಟನ್ 1913ರಲ್ಲಿ ಶಿಕ್ಷಕರ ಮುಂದೆ ಕೊಟ್ಟ ಒಂದು ಉಪನ್ಯಾಸ ಅದಕ್ಕೆ ದಾರಿ ಮಾಡಿತು. ಮಗು ಪುಸ್ತಕದಲ್ಲಿ ಓದುವ ಅಕ್ಷರವೂ ಕೈಯಲ್ಲಿ ಬರೆಯುವ ಅಕ್ಷರವೂ ಒಂದೇ ಥರ ಇದ್ದರೆ ಕಲಿಯೋದು ಸುಲಭ ಅನ್ನೋದು ಇದರ ಹಿಂದಿನ ಯೋಚನೆ. ನನಗೆ ಇದು ತುಂಬಾ ಸರಿಯಾದ ಮಾತು ಅನ್ನಿಸುತ್ತದೆ.

ಈಗ ಮೆದುಳಿನ ವಿಷಯ. ‘ಕರ್ಸಿವ್ ಬರೆದರೆ ಮೆದುಳು ಬೆಳೆಯುತ್ತೆ’ ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಇದರ ಹಿಂದೆ ನಿಜವಾದ ಸಂಶೋಧನೆಗಳಿವೆ, ಸುಮ್ನೆ ಹುಟ್ಟಿದ ಮಾತಲ್ಲ. ಆದರೆ ಅವು ಏನನ್ನು ಯಾವುದರ ಜೊತೆ ಹೋಲಿಸಿವೆ ಅಂತ ನೋಡಬೇಕು. 2012ರಲ್ಲಿ ಅಮೆರಿಕದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಇನ್ನೂ ಓದಲು ಬಾರದ, ಸುಮಾರು 5 ವರ್ಷದ ಮಕ್ಕಳನ್ನು ತೆಗೆದುಕೊಂಡರು. ಕೆಲವು ಅಕ್ಷರಗಳನ್ನು ಮಕ್ಕಳು ನೋಡಿ ಕೈಯಾರೆ ಬರೆದರು, ಕೆಲವನ್ನು ಚುಕ್ಕೆಗಳ ಮೇಲೆ ತಿದ್ದಿದರು, ಕೆಲವನ್ನು ಕೀಬೋರ್ಡಿನಲ್ಲಿ ಒತ್ತಿದರು. ಆಮೇಲೆ ಆ ಅಕ್ಷರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಕೈಯಾರೆ ಬರೆದ ಅಕ್ಷರ ಕಂಡಾಗ, ಓದುವಾಗ ಕೆಲಸ ಮಾಡುವ ಮೆದುಳಿನ ಭಾಗಗಳು ಹೆಚ್ಚು ಚುರುಕಾದವು. ಒತ್ತಿದ ಅಕ್ಷರಕ್ಕೂ ತಿದ್ದಿದ ಅಕ್ಷರಕ್ಕೂ ಹಾಗಾಗಲಿಲ್ಲ. ಬಹಳ ಮುಖ್ಯವಾದ ಫಲಿತಾಂಶ ಇದು. ಮಗು ಬರೆಯುವಾಗ ಪ್ರತಿ ಸಲ ಅಕ್ಷರ ಸ್ವಲ್ಪ ಬೇರೆ ಬೇರೆ ಥರ ಬರುತ್ತದೆ, ಒಂದು ಸಲ ಹೊಟ್ಟೆ ದಪ್ಪ, ಒಂದು ಸಲ ಬಾಲ ಉದ್ದ. ಅಷ್ಟೆಲ್ಲ ವ್ಯತ್ಯಾಸದ ನಡುವೆಯೂ ಇದು ಅದೇ ಅಕ್ಷರ ಅಂತ ಗುರುತಿಸೋದನ್ನು ಮೆದುಳು ಹೀಗೇ ಕಲಿಯುತ್ತದೆ ಅನ್ನೋದು ಸಂಶೋಧಕರ ವಿವರಣೆ. ಆದರೆ ಒಂದು ಗಮನಿಸಿ. ಆ ಮಕ್ಕಳು ಬರೆದದ್ದು ಬಿಡಿ ಅಕ್ಷರ. ಕರ್ಸಿವ್ ಅಲ್ಲವೇ ಅಲ್ಲ.

ನಾರ್ವೆಯ ಆಡ್ರಿ ವಾನ್ ಡೆರ್ ಮೇರ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಜನ ತುಂಬಾ ಹಂಚಿಕೊಂಡರು. 36 ವಿದ್ಯಾರ್ಥಿಗಳ ತಲೆಗೆ 256 ಸೆನ್ಸರ್‌ಗಳ ಟೋಪಿ ಹಾಕಿ, ಡಿಜಿಟಲ್ ಪೆನ್ನಿನಲ್ಲಿ ಕರ್ಸಿವ್ ಬರೆಸಿದರು, ಆಮೇಲೆ ಅದೇ ಪದಗಳನ್ನು ಒಂದೇ ಬೆರಳಿನಲ್ಲಿ ಟೈಪ್ ಮಾಡಿಸಿದರು. ಬರೆಯುವಾಗ ಮೆದುಳಿನ ಭಾಗಗಳ ನಡುವೆ ಸಂಪರ್ಕ ಜಾಸ್ತಿ ಕಂಡಿತು. ಸರಿ, ಆದರೆ ಇಲ್ಲಿ ಕರ್ಸಿವ್‌ನ ಎದುರಾಳಿ ಕೀಬೋರ್ಡ್. ಬಿಡಿ ಅಕ್ಷರವನ್ನು ಬರೆಸಿಯೇ ಇಲ್ಲ. ಬರೆದದ್ದು ಎಷ್ಟು ನೆನಪಿದೆ ಅಂತ ಪರೀಕ್ಷೆಯನ್ನೂ ಮಾಡಿಲ್ಲ. ಇದನ್ನು ಇಟ್ಟುಕೊಂಡು ಬಿಡಿ ಅಕ್ಷರಕ್ಕಿಂತ ಕರ್ಸಿವ್ ಮೇಲು ಅಂತ ಹೇಳೋಕೆ ಬರಲ್ಲ, ಅಲ್ವಾ? ಕ್ಲಾಸಿನಲ್ಲಿ ಲ್ಯಾಪ್‌ಟಾಪ್‌ಗಿಂತ ಪೆನ್ನಿನಲ್ಲಿ ನೋಟ್ಸ್ ಬರೆದವರಿಗೆ ವಿಷಯ ಚೆನ್ನಾಗಿ ಅರ್ಥವಾಯಿತು ಅಂತ 2014ರಲ್ಲಿ ಬಂದ ಪ್ರಸಿದ್ಧ ಅಧ್ಯಯನದ್ದೂ ಇದೇ ಕಥೆ. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಪರಿಣಾಮ ಅಷ್ಟು ಗಟ್ಟಿಯಾಗಿ ಸಿಗಲೂ ಇಲ್ಲ.

ಹಾಗಾದರೆ ವೇಗ? ಪೆನ್ನು ಎತ್ತದಿದ್ದರೆ ಬೇಗ ಆಗಲೇಬೇಕು ಅನ್ನಿಸುತ್ತದೆ. ಆದರೆ ಪೆನ್ನು ಎತ್ತಿ ಇಡೋಕೆ ತಗಲುವ ಸಮಯ ಬಹಳ ಕಡಿಮೆ. ಕೂಡಿಸಬೇಕು ಅಂತಲೇ ಸುತ್ತಿ ಬಳಸಿ ಎಳೆಯುವ ಗೆರೆಗೆ ಅದಕ್ಕಿಂತ ಜಾಸ್ತಿ ಸಮಯ ಹಿಡಿಯಬಹುದು. ಸ್ಮಾಲ್ ಎಸ್, ಸ್ಮಾಲ್ ಝಡ್ ಮುಂದೆ ಕೂಡಿಸಿ ನೋಡಿ, ಗೊತ್ತಾಗುತ್ತದೆ. 1998ರಲ್ಲಿ ಸ್ಟೀವ್ ಗ್ರಹಾಂ ಮತ್ತು ಅವರ ಜೊತೆಗಾರರು 4ರಿಂದ 9ನೇ ತರಗತಿವರೆಗಿನ 600 ಅಮೆರಿಕನ್ ಮಕ್ಕಳ ಬರವಣಿಗೆ ನೋಡಿದರು. ಪೂರ್ತಿ ಕರ್ಸಿವ್ ಬರೆಯುವವರೂ ಪೂರ್ತಿ ಬಿಡಿ ಅಕ್ಷರದವರೂ ವೇಗದಲ್ಲಿ ಮುಂದೆ ಇರಲಿಲ್ಲ. ಎರಡನ್ನೂ ಬೆರೆಸಿಕೊಂಡವರು ಮುಂದೆ ಇದ್ದರು. ಕೂಡಿಸಲು ಸುಲಭ ಇರುವಲ್ಲಿ ಕೂಡಿಸಿ, ಕಷ್ಟ ಇರುವಲ್ಲಿ ಬಿಟ್ಟು ಮುಂದೆ ಹೋಗುವವರು. ನಿಮ್ಮ ಬರವಣಿಗೆಯನ್ನೇ ಒಂದು ಸಲ ನೋಡಿಕೊಳ್ಳಿ, ಬಹಳಷ್ಟು ದೊಡ್ಡವರು ಬರೆಯೋದು ಹೀಗೇ. ಇದನ್ನು ಯಾರೂ ಕಲಿಸಿಲ್ಲ, ಕೈ ತಾನೇ ಕಂಡುಕೊಂಡಿದೆ. ಬ್ರಿಟನ್ನಿನ ಕೈಬರಹ ತಜ್ಞೆ ರೋಸ್‌ಮರಿ ಸಸೂನ್ ಕೂಡ ಉದ್ದ ಪದದ ಮಧ್ಯೆ ಪೆನ್ನು ಎತ್ತೋದು ತಪ್ಪಲ್ಲ, ಕೈಗೆ ವಿಶ್ರಾಂತಿ ಅದು ಅಂತಲೇ ವಾದಿಸಿದವರು. ಇಂಗ್ಲೆಂಡಿನ ಪಠ್ಯಕ್ರಮದಲ್ಲಿ 6–7 ವರ್ಷದ ಮಕ್ಕಳಿಗೆ ಕೂಡಿಸೋದನ್ನು ಶುರು ಮಾಡಿಸುತ್ತಾರೆ, ಆದರೆ ಯಾವ ಅಕ್ಷರಗಳನ್ನು ಕೂಡಿಸದೆ ಬಿಡೋದು ಒಳ್ಳೆಯದು ಅನ್ನೋದೂ ಮಕ್ಕಳಿಗೆ ಗೊತ್ತಿರಬೇಕು ಅಂತ ಅದರಲ್ಲೇ ಬರೆದಿದೆ. ಈ ಒಂದು ವಾಕ್ಯ ನಮ್ಮ ಶಾಲೆಗಳಿಗೂ ಬಂದಿದ್ದರೆ ಎಷ್ಟೋ ಕೆಂಪು ಗೆರೆ ತಪ್ಪುತ್ತಿತ್ತು.

ಕರ್ಸಿವ್ ಪರವಾಗಿ ಸಿಗುವ ಪುರಾವೆಯನ್ನೂ ಹೇಳಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಎರಡನೇ ತರಗತಿ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಮೊದಲಿನಿಂದ ಕರ್ಸಿವ್ ಮಾತ್ರ ಕಲಿತವರು ವಾಕ್ಯ ಕಟ್ಟುವುದರಲ್ಲಿ ಮುಂದೆ ಇದ್ದರು. ವೇಗದಲ್ಲಿ ಬಿಡಿ ಅಕ್ಷರದವರು ಮುಂದೆ. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಮೂರನೇ ಗುಂಪು. ಮೊದಲು ಬಿಡಿ ಅಕ್ಷರ ಕಲಿತು, ಅದು ಕೈಗೆ ಕೂರುವ ಮುಂಚೆಯೇ ಕರ್ಸಿವ್‌ಗೆ ಹೊರಳಿದವರಿಗೆ ಹೆಚ್ಚು ಲಾಭ ಆಗಲಿಲ್ಲ. ಫ್ರಾನ್ಸ್‌ನಲ್ಲಿ ಮೊದಲಿನಿಂದಲೇ ಕರ್ಸಿವ್ ಕಲಿಸುತ್ತಾರೆ, ಅಲ್ಲಿ ಈ ತೊಂದರೆ ಇಲ್ಲ. ತೊಂದರೆ ಇರುವುದು ಮಧ್ಯದಲ್ಲಿ ದಾರಿ ಬದಲಾಯಿಸುವಲ್ಲಿ. ನಮ್ಮಲ್ಲಿ ಬಹಳಷ್ಟು ಇಂಗ್ಲಿಷ್ ಮೀಡಿಯಂ ಶಾಲೆಗಳು ಮಾಡೋದು ಅದನ್ನೇ, ಎಲ್‌ಕೆಜಿಯಲ್ಲಿ ಬಿಡಿ ಅಕ್ಷರ, ಯುಕೆಜಿಯಲ್ಲೋ ಒಂದನೇ ಕ್ಲಾಸಿನಲ್ಲೋ ಕರ್ಸಿವ್.

ಇಲ್ಲಿ ನಮ್ಮ ಮಕ್ಕಳ ಲೆಕ್ಕವನ್ನೇ ಬೇರೆಯಾಗಿ ಹಾಕಬೇಕು. ಇಂಗ್ಲಿಷ್‌ನಲ್ಲಿ 26 ಅಕ್ಷರ. ಕ್ಯಾಪಿಟಲ್, ಸ್ಮಾಲ್ ಸೇರಿ 52. ಅಷ್ಟನ್ನೂ ಕರ್ಸಿವ್‌ನಲ್ಲಿ ಮತ್ತೆ ಕಲಿತರೆ 104. ಕರ್ಸಿವ್‌ನ ಕೆಲವು ಅಕ್ಷರಗಳಿಗೆ ಮೊದಲು ಕಲಿತದ್ದರ ಗುರುತೇ ಇರುವುದಿಲ್ಲ, ಕ್ಯಾಪಿಟಲ್ ಕ್ಯೂ ನೋಡಿದರೆ ಎಷ್ಟೋ ಪುಸ್ತಕದಲ್ಲಿ 2ರ ಅಂಕಿಯ ಹಾಗೆ ಕಾಣುತ್ತದೆ, ಸ್ಮಾಲ್ ಆರ್, ಸ್ಮಾಲ್ ಎಸ್ ಯಾವುದು ಯಾವುದು ಅಂತ ಮಗು ತಡಕಾಡುತ್ತದೆ. ಇದರ ಪಕ್ಕದಲ್ಲಿ ಕನ್ನಡದ 49 ಅಕ್ಷರ. ಅದಕ್ಕೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ವ ಬರೆದ ಕೈ ಮ ಬರೆಯಬೇಕು, ಪ ಬರೆದು ಹೊಟ್ಟೆ ಸೀಳಿದರೆ ಷ, ಧ ಮತ್ತು ಥ ನಡುವೆ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ಹಲವು ಶಾಲೆಗಳಲ್ಲಿ ಇಷ್ಟರ ಜೊತೆಗೆ ಹಿಂದಿಯೂ ಸೇರುತ್ತದೆ. ಒಂದೇ ಲಿಪಿ ಕಲಿಯುವ ಅಮೆರಿಕದ ಮಗುವಿಗೆ ಕರ್ಸಿವ್ ಬೇಕಾ ಅನ್ನೋ ಚರ್ಚೆ ನಡೆಯುತ್ತಿದೆ. ಎರಡು ಮೂರು ಲಿಪಿ ಒಟ್ಟಿಗೆ ಕಲಿಯುವ ನಮ್ಮ ಮಗುವಿನ ವಿಷಯದಲ್ಲಿ ಆ ಚರ್ಚೆಯೇ ಇಲ್ಲದೆ ನಾಲ್ಕು ಗೆರೆ ಪುಸ್ತಕ ತಂದು ಮುಂದೆ ಇಡುತ್ತೇವೆ. ದಿನಕ್ಕೆ ಇರೋದು ಅಷ್ಟೇ ಗಂಟೆ. ಕರ್ಸಿವ್‌ಗೆ ಹೋದ ಅರ್ಧ ಗಂಟೆ ಎಲ್ಲಿಂದಲೋ ಕಡಿತ ಆಗಿಯೇ ಬಂದಿರುತ್ತದೆ. ನಾನು ನೋಡಿದ ಮಟ್ಟಿಗೆ ಕಡಿತ ಆಗೋದು ಕನ್ನಡದಿಂದ.

ಅಮೆರಿಕದ ಚರ್ಚೆ ಎಲ್ಲಿಗೆ ಬಂತು ಅಂತ ಚುಟುಕಾಗಿ ಹೇಳುತ್ತೇನೆ. ಅಲ್ಲಿ 2010ರಲ್ಲಿ ಬಂದ ಕಾಮನ್ ಕೋರ್ ಪಠ್ಯ ಮಾನದಂಡದಲ್ಲಿ ಕರ್ಸಿವ್‌ನ ಹೆಸರೇ ಇರಲಿಲ್ಲ, ಕೀಬೋರ್ಡ್ ಇತ್ತು. ಹಲವು ಶಾಲೆಗಳು ಕರ್ಸಿವ್ ಕೈಬಿಟ್ಟವು. ಆಮೇಲೆ ಒಂದೊಂದೇ ರಾಜ್ಯ ಕಾನೂನು ಮಾಡಿ ವಾಪಸ್ ತಂದಿತು, ಈಗ 20ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ 2024ರಿಂದ 1ರಿಂದ 6ನೇ ತರಗತಿ ನಡುವೆ ಕಲಿಸಬೇಕು ಅಂದಿತು. ಫಿನ್‌ಲೆಂಡ್ 2016ರಲ್ಲಿ ಕೂಡು ಬರಹದ ಕಡ್ಡಾಯ ತೆಗೆಯಿತು. ‘ಫಿನ್‌ಲೆಂಡ್‌ನಲ್ಲಿ ಬರೆಯೋದನ್ನೇ ನಿಲ್ಲಿಸಿದರು’ ಅಂತ ಆಗ ಸುದ್ದಿ ಹರಡಿತ್ತು, ಅದು ಸುಳ್ಳು. ಬಿಡಿ ಅಕ್ಷರದ ಕೈಬರಹ ಅಲ್ಲಿ ಹಾಗೇ ಮುಂದುವರಿದಿದೆ.

ಅಮೆರಿಕದವರ ಒಂದು ವಾದ ಮಾತ್ರ ನನ್ನನ್ನು ನಿಜವಾಗಿ ತಟ್ಟಿತು. ಕರ್ಸಿವ್ ಬಾರದ ಮಕ್ಕಳು ತಮ್ಮ ಅಜ್ಜಿಯ ಪತ್ರವನ್ನೂ ದೇಶದ ಹಳೆಯ ದಾಖಲೆಗಳನ್ನೂ ಓದಲಾರರು ಅನ್ನೋದು. ಇದು ನಮಗೆ ಹೊಸ ಅನುಭವ ಅಲ್ಲ. ನಮ್ಮಲ್ಲಿ ಮೋಡಿ ಇತ್ತು. ಮರಾಠಿಯನ್ನು ಬೇಗ ಬರೆಯಲು ಬಳಸುತ್ತಿದ್ದ ಕೂಡು ಬರಹ ಅದು. ಹಾಳೆಯ ಈ ತುದಿಯಿಂದ ಆ ತುದಿಗೆ ತಲೆಗೆರೆಯನ್ನು ಮೊದಲೇ ಎಳೆದುಬಿಟ್ಟು, ಅದರ ಕೆಳಗೆ ಲೇಖನಿಯನ್ನು ಆದಷ್ಟು ಎತ್ತದೆ ಬರೆಯುತ್ತಾ ಹೋಗುತ್ತಿದ್ದರು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬೈ ಆಡಳಿತದಲ್ಲಿ ಇದ್ದವು, ಆ ಕಡೆಯ ಹಳೆಯ ಕಾಗದಪತ್ರಗಳಲ್ಲಿ ಮೋಡಿ ಸಿಗುತ್ತದೆ. ಕನ್ನಡವನ್ನೂ ಮೋಡಿಯ ಹಾಗೆ ಸರಸರ ಬರೆಯುವ ಪದ್ಧತಿ ಕಡತಗಳಲ್ಲಿ ಇತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರಲ್ಲ, ಅದೇ ಕಡತ. ಶಾಲೆಯಲ್ಲಿ ಮೋಡಿ ನಿಂತಿತು. ಈಗ ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು. ಅಜ್ಜನ ಜಮೀನಿನ ಕಾಗದ ಕೈಯಲ್ಲಿ ಹಿಡಿದು ಅದರಲ್ಲಿ ಏನಿದೆ ಅಂತ ಗೊತ್ತಾಗದೆ ನಿಲ್ಲುವುದು ದೊಡ್ಡ ಸಂಕಟ.

ಹಾಗಾಗಿ ಕರ್ಸಿವ್ ಓದೋದನ್ನು ಮಕ್ಕಳು ಕಲಿಯಲೇಬೇಕು ಅಂತ ನನಗೆ ಅನ್ನಿಸುತ್ತದೆ. ಆದರೆ ಓದೋಕೆ ಕಲಿಯುವುದು ಬೇರೆ, ವರ್ಷಗಟ್ಟಲೆ ಅದರಲ್ಲೇ ಬರೆಯುವುದು ಬೇರೆ. ಬಿಡಿ ಅಕ್ಷರ ಚೆನ್ನಾಗಿ ಓದುವ ಎಂಟೊಂಬತ್ತು ವರ್ಷದ ಮಗುವಿಗೆ ಕರ್ಸಿವ್ ಓದಲು ಕೆಲವೇ ವಾರ ಸಾಕು. ಜೊತೆಗೆ ಒಂದಷ್ಟು ಬರೆಸಿದರೆ ಇನ್ನೂ ಬೇಗ ಬರುತ್ತದೆ.

ಸಹಿಗೆ ಕರ್ಸಿವ್ ಬೇಕಲ್ಲ ಅಂತ ಕೆಲವರು ಕೇಳುತ್ತಾರೆ. ಬೇಕಿಲ್ಲ. ನಮ್ಮಲ್ಲಿ ಕನ್ನಡದಲ್ಲಿ ಸಹಿ ಮಾಡುವವರು ಎಷ್ಟೋ ಜನ ಇದ್ದಾರೆ. ಹೆಸರು ಬರೆಯಲು ಬಾರದವರು ಹಾಕುವ ಗುರುತೂ ಸಹಿಯೇ ಅಂತ 1897ರ ಜನರಲ್ ಕ್ಲಾಸಸ್ ಕಾಯ್ದೆಯೇ ಹೇಳುತ್ತದೆ.

ಇಷ್ಟೆಲ್ಲ ಹೇಳಿದೆ ಅಂತ ಕೈಬರಹವೇ ಬೇಡ ಅನ್ನುವವರ ಕಡೆ ನಾನಿಲ್ಲ. ಅವರ ಮಾತು ಕೇಳಿದರೆ ನನಗೆ ಭಯ ಆಗುತ್ತದೆ, ಅದರಲ್ಲೂ ಕನ್ನಡದ ವಿಷಯದಲ್ಲಿ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ, ಒಳ್ಳೆಯ ಅನುಕೂಲ. ಆದರೆ ‘ಸಂಸ್ಕೃತಿ’ ಅನ್ನೋ ಪದವನ್ನು ಹಾಗೆ ಒತ್ತುವ ಮಗುವಿಗೆ ಕ ಒತ್ತು ಎಲ್ಲಿ ಬರುತ್ತೆ, ವಟ್ರುಸುಳಿ ಎಲ್ಲಿ ಕೂರುತ್ತೆ ಅಂತ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಫೋನು ತಾನೇ ಹುಡುಕಿ ಕೊಡುತ್ತದೆ. ಅದೇ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟರೆ ನಿಂತುಬಿಡುತ್ತದೆ. ನನ್ನ ನೆಂಟರ ಮಗಳೊಬ್ಬಳು ಅಮೆರಿಕದಲ್ಲಿದ್ದಾಳೆ, ಶನಿವಾರ ಕನ್ನಡ ಕಲಿ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿ ಕೈಯಲ್ಲಿ ಬರೆಸಲು ಶುರು ಮಾಡಿದ ಮೇಲೆ ಓದೋದೂ ಬಂತು ಅಂತ ಅವಳ ಅಮ್ಮ ಹೇಳಿದರು. ಮೇಲೆ ಹೇಳಿದ 5 ವರ್ಷದ ಮಕ್ಕಳ ಅಧ್ಯಯನ ನನಗೆ ನೆನಪಾಯಿತು. ನಮ್ಮ ಹಿರಿಯರು ಅಕ್ಷರಾಭ್ಯಾಸಕ್ಕೆ ಅಕ್ಕಿಯ ಮೇಲೆ ಬೆರಳು ಹಿಡಿಸಿ ಬರೆಸುತ್ತಿದ್ದರು, ಮರಳಿನಲ್ಲಿ ತಿದ್ದಿಸುತ್ತಿದ್ದರು. ಅಕ್ಷರ ಕಣ್ಣಿಗಿಂತ ಮೊದಲು ಕೈಗೆ ಹೋಗುತ್ತಿತ್ತು. ಅಕ್ಷರಕ್ಕೂ ಮೊದಲು ಚಿತ್ರ ಬಿಡಿಸಲು ಕಲಿಸಬೇಕು ಅಂತ ಗಾಂಧೀಜಿ ನಂಬಿದ್ದರು. ತಮ್ಮ ಕೈಬರಹ ಚೆನ್ನಾಗಿಲ್ಲ ಅನ್ನೋ ಕೊರಗು ಅವರಿಗೆ ಇತ್ತು.

ಬರವಣಿಗೆ ಸರಾಗ ಆಗಬೇಕಾದ ಕಾರಣ ಬಹಳ ಸರಳ. ಅಕ್ಷರ ಹೇಗೆ ಬರೆಯೋದು ಅಂತ ಯೋಚಿಸುತ್ತಾ ಕೂತ ಮಗುವಿಗೆ ಏನು ಬರೆಯೋದು ಅಂತ ಯೋಚಿಸಲು ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಗಂಟೆ ಕೂತು ಬರೆಯಬೇಕಾದಾಗ ಕೈ ತನ್ನಷ್ಟಕ್ಕೆ ಓಡಬೇಕು. ಅದಕ್ಕೆ ಬೇಕಾದ್ದು ಪೆನ್ಸಿಲ್ ಸರಿಯಾಗಿ ಹಿಡಿಯೋದು, ಅಕ್ಷರವನ್ನು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರೋದು, ದಿನಾ ಸ್ವಲ್ಪ ಅಭ್ಯಾಸ. ಇದನ್ನು ಕನ್ನಡಕ್ಕೂ ಇಂಗ್ಲಿಷ್‌ಗೂ ಮೂರನೇ ಕ್ಲಾಸಿನವರೆಗೆ ಬಿಡಿ ಅಕ್ಷರದಲ್ಲಿ ಗಟ್ಟಿ ಮಾಡಲಿ. ಮೂರು ಅಥವಾ ನಾಲ್ಕರಲ್ಲಿ ಕರ್ಸಿವ್ ಒಂದಷ್ಟು ವಾರ ಕಲಿಸಲಿ, ಇಷ್ಟ ಆದ ಮಗು ಅದರಲ್ಲೇ ಮುಂದುವರಿಯಲಿ. ಕೆಲವು ಮಕ್ಕಳಿಗೆ ಅದು ನಿಜಕ್ಕೂ ಒಗ್ಗುತ್ತದೆ, ಸ್ಮಾಲ್ ಬಿ, ಸ್ಮಾಲ್ ಡಿ ತಿರುವುಮುರುವು ಮಾಡುವ ಮಗುವಿಗೆ ಕರ್ಸಿವ್‌ನಲ್ಲಿ ಅವೆರಡೂ ಬೇರೆ ಬೇರೆ ಕಡೆಯಿಂದ ಶುರುವಾಗೋದು ಸಹಾಯ ಆಗಬಹುದು. ಬೆರಳಿಗೆ ಇನ್ನೂ ಬಲ ಬಾರದ ಮಗುವಿಗೆ ಅದೇ ಹಿಂಸೆ ಆಗಬಹುದು. ಕೂಡಿಸಿಲ್ಲ ಅಂತ ಮಾರ್ಕ್ಸ್ ಮಾತ್ರ ಕಡಿಯಬೇಡಿ.

ಪೇರೆಂಟ್ಸ್ ಮೀಟಿಂಗಿನಲ್ಲಿ ಇದನ್ನು ಟೀಚರ್ ಹತ್ತಿರ ಸಮಾಧಾನವಾಗಿ ಮಾತಾಡಿದೆ. ಅವರು ಕೇಳಿಸಿಕೊಂಡರು. ಆದರೆ ನಿಯಮ ಮೇಲಿನಿಂದ ಬರುತ್ತದೆ, ನಮ್ಮ ಕೈಯಲ್ಲಿಲ್ಲ ಅಂದರು. ಅವರ ಅವಸ್ಥೆಯೂ ಅರ್ಥವಾಯಿತು.

ಮನೆಯಲ್ಲಿ ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಮಗುವಿಗೆ ಚೆನ್ನಾಗಿ ಗೊತ್ತಿರುವ ಒಂದು ವಾಕ್ಯ ಕೊಡಿ. ಒಂದು ನಿಮಿಷ ಬಿಡಿ ಅಕ್ಷರದಲ್ಲಿ ಬರೆಯಲಿ. ಸ್ವಲ್ಪ ಹೊತ್ತು ಬಿಟ್ಟು ಒಂದು ನಿಮಿಷ ಕರ್ಸಿವ್‌ನಲ್ಲಿ. ಎಷ್ಟು ಅಕ್ಷರ ಬಂತು ಎಣಿಸಿ, ಆಮೇಲೆ ಮಗುವನ್ನು ಅರಿಯದ ಯಾರಿಗಾದರೂ ಕೊಟ್ಟು ಯಾವುದು ಓದೋಕೆ ಬರುತ್ತೆ ಅಂತ ಕೇಳಿ. ನಾನು ಮಗಳಿಗೆ ಮೂರನೇ ನಿಮಿಷವನ್ನೂ ಕೊಟ್ಟೆ, ‘ನಿನಗೆ ಹೇಗೆ ಬೇಕೋ ಹಾಗೆ ಬರೆ’ ಅಂದೆ. ಅವಳು ಸ್ಮಾಲ್ ಎ, ಸ್ಮಾಲ್ ಎನ್ ಕೂಡಿಸಿದಳು, ಎಸ್ ಬಂದಲ್ಲಿ ಪೆನ್ಸಿಲ್ ಎತ್ತಿದಳು, ಮುಂದಿನ ಎರಡು ಅಕ್ಷರ ಮತ್ತೆ ಕೂಡಿಸಿದಳು. ಆ ಹಾಳೆಯನ್ನು ನಾನು ಎತ್ತಿಟ್ಟಿದ್ದೇನೆ.